ಗೆಳೆಯನಿಗೊಂದು ಪತ್ರ: ಅಳಿವೆಯ ಕೆಂಪು ನೀರು

ಪ್ರೀತಿಯ ಗೆಳೆಯ,

ಮೊನ್ನೆ ನೀನು ಫೋನ್ ಮಾಡಿ "ದೋಣಿ ಸವಾರಿ ಹೇಗಾಯ್ತೋ?" ಅಂತ ಕೇಳಿದೆ. ನಾನು "ಚೆನ್ನಾಗಾಯ್ತು" ಅಂದು ಫೋನ್ ಇಟ್ಟೆ. ನಿನಗೆ ಬೇಜಾರಾಗಿರಬೇಕು. ಆವತ್ತಿನಿಂದ ಒಂದು ಮಾತು ಗಂಟಲಲ್ಲೇ ಕೂತಿದೆ. ಅದಕ್ಕೇ ಈ ಪತ್ರ. ಎಲ್ಲರೂ ಓದುವ ಜಾಗದಲ್ಲೇ ಹಾಕುತ್ತಿದ್ದೇನೆ. ಯಾಕೆ ಅಂತ ಓದುತ್ತಾ ಹೋದರೆ ನಿನಗೇ ಗೊತ್ತಾಗುತ್ತದೆ.

ಹೈಸ್ಕೂಲಿನಲ್ಲಿ ಅಟ್ಲಾಸಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೆವಲ್ಲ, ಆ ದಾರಿಯ ಒಂದಿಷ್ಟನ್ನು ಕೊನೆಗೂ ನೋಡಿಬಂದೆ ಮಾರಾಯ. ತೋಟದಲ್ಲಿ ಅರೇಬಿಕಾ ಕಾಫಿ ಹಣ್ಣಾಗುವ ಮೊದಲು ಮೂರು ದಿನ ಬಿಡುವು ಸಿಕ್ಕಿತು. ಸೀದಾ ಕುಂದಾಪುರಕ್ಕೆ ಇಳಿದೆ. ಲೈಫ್ ಜಾಕೆಟ್ ಹಾಕಿಕೊಳ್ಳುವಾಗ ನಿನ್ನ ಹಳದಿ ಛತ್ರಿ ನೆನಪಾಯಿತು. ದೋಣಿಯವರ ಮುಂದೆ ನಗು ತಡೆಯುವುದೇ ಕಷ್ಟವಾಯಿತು.

ಅಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ ಎಲ್ಲ ಸೇರಿ ಐದು ಹೊಳೆಗಳು ಒಂದಾಗಿ ಗಂಗೊಳ್ಳಿ ಹತ್ತಿರ ಕಡಲಿಗೆ ಬೀಳುತ್ತವೆ. ಪಂಚಗಂಗಾವಳಿ ಅನ್ನುತ್ತಾರೆ. ನಡುವೆ ಕುದ್ರುಗಳು, ಅಂದರೆ ಹೊಳೆ ನಡುವಿನ ದ್ವೀಪಗಳು, ಅವುಗಳ ತುಂಬಾ ತೆಂಗು. ನಾವು ವಾರಾಹಿಯಲ್ಲಿ ಮೇಲಕ್ಕೆ, ಬಸ್ರೂರಿನ ಕಡೆ ಹೋದೆವು. ಬಸ್ರೂರು ಈಗ ಸದ್ದಿಲ್ಲದ ಊರು. ದೇವಸ್ಥಾನಗಳಿವೆ, ಕೆರೆಗಳಿವೆ. ಇದೇ ಊರನ್ನು ಪೋರ್ಚುಗೀಸರು ಬಾರ್ಸೆಲೋರ್ ಅಂತ ಕರೆದು ಅಕ್ಕಿಗಾಗಿ ಬಂದು ನಿಂತಿದ್ದರು. 1665ರಲ್ಲಿ ಶಿವಾಜಿ ಹಡಗುಪಡೆ ತಂದು ಲೂಟಿ ಮಾಡಿದ್ದೂ ಇದೇ ಊರನ್ನು. ಅಷ್ಟು ದೂರದಿಂದ ಹಡಗು ಕಟ್ಟಿಕೊಂಡು ಬರಬೇಕಾದರೆ ಇಲ್ಲಿ ಎಷ್ಟು ಕೂಡಿಟ್ಟಿರಬೇಕು, ಯೋಚಿಸು. ನಾನು ಹೋದಾಗ ದಡದಲ್ಲಿ ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಿದ್ದರು. ಅಷ್ಟೇ.

ಬಾರಕೂರಿಗೆ ಬಸ್ಸಿನಲ್ಲಿ ಹೋದೆ. ಅಲ್ಲೂ ಹಾಗೇ. ಸೀತಾ ಹೊಳೆ, ಕಲ್ಲಿನ ಬಸದಿ, ಸುಮ್ನೆ ಬಿದ್ದಿರುವ ಕಂಬಗಳು. ಒಂದು ಕಾಲದಲ್ಲಿ ಈ ಕರಾವಳಿ ಆಳಿದ ಆಳುಪರ ರಾಜಧಾನಿ ಅದು. ನಮ್ಮ ಹಳೇಬೀಡಿನ ಹೊಯ್ಸಳ ದೊರೆ ಮೂರನೇ ಬಲ್ಲಾಳನ ರಾಣಿ ಚಿಕ್ಕಾಯಿ ತಾಯಿ ಅಲ್ಲಿಂದಲೇ ಆಳಿದಳು. 14ನೇ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ಕರಾವಳಿಯುದ್ದಕ್ಕೂ ಬಂದಿದ್ದ. ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆ ನೋಡಿದೆ ಅಂತ ಬರೆದಿದ್ದಾನೆ. ನನ್ನ ಅಜ್ಜಿ ತೀರಿಕೊಳ್ಳುವವರೆಗೂ ಹೆಬ್ಬೆಟ್ಟು ಒತ್ತುತ್ತಿದ್ದಳು. ಆರು ಶತಮಾನ ಹಿಂದೆ ಘಟ್ಟದ ಕೆಳಗೆ ಹುಟ್ಟಿದ್ದರೆ ಓದು ಬರುತ್ತಿತ್ತೇನೋ.

ಮೂರನೇ ದಿನ ಮಂಗಳೂರು. ಇಲ್ಲಿಂದ ನಿಧಾನವಾಗಿ ಓದು.

ಹಳೇ ಬಂದರಿಗೆ ಹೋದೆ. ದೋಣಿ ಕಟ್ಟುವ ದಕ್ಕೆಯ ತುಂಬಾ ಮೀನಿನ ಬೋಟುಗಳು. ಪಕ್ಕದಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗೆ, ಅಂದರೆ ಸರಕಿನ ದೊಡ್ಡ ದೋಣಿಗೆ, ಸಾಮಾನು ತುಂಬುತ್ತಿದ್ದರು. ಅಲ್ಲೇ ಎಷ್ಟೋ ಹೊತ್ತು ನಿಂತೆ. ಅಜ್ಜನ ಕಾಲದಲ್ಲಿ ನಮ್ಮ ಕಾಫಿ ಚಾರ್ಮಾಡಿ ಘಾಟಿ ಇಳಿದು ಬರುತ್ತಿದ್ದದ್ದು ಈ ಊರಿಗೇ ಅಲ್ವಾ. ಇಲ್ಲಿ ಸಿಪ್ಪೆ ಬಿಡಿಸಿ ಕ್ಯೂರಿಂಗ್ ಆಗಿ, ಮೂಟೆ ಸಣ್ಣ ದೋಣಿಗೆ ಏರಿ, ದೂರ ಕಡಲಲ್ಲಿ ನಿಂತ ಹಡಗಿಗೆ ಹೋಗುತ್ತಿತ್ತು. ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಆಳವೇ ಸಾಲದು. ಪಣಂಬೂರಿನಲ್ಲಿ ಹೊಸ ಬಂದರು ಅಗೆಯಬೇಕಾಗಿ ಬಂದದ್ದೂ ಅದಕ್ಕೇ. ಬೋಳೂರಿನ ಕಾವಲು ಬುರುಜು ಸುಲ್ತಾನ್ ಬತ್ತೇರಿಯನ್ನೂ ನೋಡಿದೆ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಹೊಳೆಯೊಳಗೆ ಯುದ್ಧದ ಹಡಗು ನುಗ್ಗದಿರಲಿ ಅಂತ. ಈಗ ಅದರ ಪಕ್ಕದಿಂದ ತಣ್ಣೀರುಬಾವಿಗೆ ಜನ ದೋಣಿಯಲ್ಲಿ ಹೋಗಿಬರುತ್ತಾರೆ.

ಅಲ್ಲಿಂದ ಒಂದು ದೋಣಿ ಗೊತ್ತು ಮಾಡಿಕೊಂಡು ಅಳಿವೆಯ ಕಡೆ ಹೋದೆ. ಗುರುಪುರ ಹೊಳೆಯೂ ನೇತ್ರಾವತಿಯೂ ಸೇರಿ ಕಡಲಿಗೆ ಬೀಳುವ ಜಾಗ. ದೋಣಿ ನಡೆಸುತ್ತಿದ್ದವರು ವಯಸ್ಸಾದವರು. ಹಿಂದಿನ ದಿನ ಘಟ್ಟದಲ್ಲಿ ಗುಡುಗು ಸಹಿತ ಮಳೆ ಹೊಡೆದಿತ್ತು. ನೇತ್ರಾವತಿಯ ಕಡೆಯ ನೀರು ಕೆಂಪಗೆ, ನಮ್ಮ ಕಣದ ಮಣ್ಣಿನ ಬಣ್ಣಕ್ಕೇ ಇತ್ತು. ಇನ್ನೊಂದು ಕಡೆ ಕಡಲು ಹಸಿರು. ನಡುವೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

"ಈಚೆಯಿಂದ ಹೊಳೆ ಮಣ್ಣು ತರ್ತದೆ, ಆಚೆಯಿಂದ ಕಡಲು ಹೊಯಿಗೆ ತಳ್ತದೆ. ನಡುವೆ ನಾವು" ಅಂದರು ದೋಣಿಯ ಅಜ್ಜ. ಹೊಯಿಗೆ ಅಂದರೆ ಮರಳು. ಆಮೇಲೆ ನನ್ನನ್ನು ನೋಡಿ, "ನೀವು ಘಟ್ಟದವರಾ?"

ಹೌದು ಅಂದೆ. ಚಾರ್ಮಾಡಿಯ ಮೇಲೆ ಅಂದೆ.

"ಹಾಗಾದ್ರೆ ಇದು ನಿಮ್ದೇ ಮಣ್ಣು ಮಾರಾಯ್ರೆ."

ಅವರು ನಕ್ಕರು. ತಮಾಷೆಗೆ ಹೇಳಿದ್ದು, ಬೈದದ್ದಲ್ಲ. ನನಗೆ ಮಾತ್ರ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಯಾಕೆಂದರೆ ಅದು ಸತ್ಯ. ನಮ್ಮ ತೋಟದ ಮೂಡಲ ಬದಿಗೆ ಬಿದ್ದ ಮಳೆ ಹೇಮಾವತಿಗೆ ಹೋಗುತ್ತದೆ. ಪಡುವಲ ಬದಿಯದ್ದು ಇಳಿದಿಳಿದು ಮೃತ್ಯುಂಜಯ ಹೊಳೆಗೆ, ಅಲ್ಲಿಂದ ನೇತ್ರಾವತಿಗೆ, ಅಲ್ಲಿಂದ ಆ ಅಜ್ಜನ ದೋಣಿಯ ಕೆಳಗೆ.

ಪಡುವಲ ಬದಿ ನಿನಗೆ ಗೊತ್ತು. 2019ರ ಆಗಸ್ಟಿನಲ್ಲಿ ಒಂದೆಕರೆ ಗುಡ್ಡ ಕುಸಿದದ್ದು ಅಲ್ಲೇ. ರಸ್ತೆ ಬಂದ್ ಆಗಿದ್ದರೂ ನೀನು ಅಕ್ಕಿ, ಟಾರ್ಪಾಲು ಹೊತ್ತುಕೊಂಡು ಸುತ್ತು ಬಳಸಿ ಬಂದೆ. ಆ ಕೆಂಪು ಗಾಯದ ಮುಂದೆ ನಿಂತು ನನ್ನ ಹೆಗಲು ಹಿಡಿದೆ. ರಾತ್ರಿ ಕೂತು ನೀನೇ ಅದರ ಬಗ್ಗೆ ಬರೆದು ಹಾಕಿದೆ. ಅದನ್ನು ಓದಿ ನಮ್ಮ ಬ್ಯಾಚಿನವರು ಹಣ ಕಳಿಸಿದರು. ಮಳೆಯ ಸಿಟ್ಟಿಗೆ ನನ್ನ ಗೆಳೆಯ ಏನು ಮಾಡಿಯಾನು ಅಂತ ನೀನು ಬರೆದಿದ್ದೆ.

ಆ ವರ್ಷ ಏಪ್ರಿಲ್‌ನಲ್ಲಿ ನಾನು ಅಲ್ಲಿ ಜೆಸಿಬಿ ಇಳಿಸಿದ್ದೆ. ಕೊಯ್ಲಿನ ಸಮಯದಲ್ಲಿ ಹಣ್ಣನ್ನು ತಲೆಹೊರೆಯಲ್ಲಿ ತರಿಸುವುದು ಬೇಡ, ಟ್ರಾಕ್ಟರ್ ಹೋಗಲಿ ಅಂತ ಗುಡ್ಡದ ಸೊಂಟಕ್ಕೇ ರಸ್ತೆ ಕಡಿಸಿದೆ. ನಾಲ್ಕು ದೊಡ್ಡ ಮರ ತೆಗೆಸಿದೆ. ಅಪ್ಪ ಹೇಳಿದ್ದರು, "ಅಲ್ಲಿ ನೀರಿನ ಕಣ್ಣಿದೆ, ಕೈ ಹಾಕಬೇಡ" ಅಂತ. ಕಡಿದ ಮಣ್ಣನ್ನು ಆ ಒರತೆಯ ಬಾಯಿಗೇ ತುಂಬಿಸಿದೆ. ನೀನು ಬರುವ ಹೊತ್ತಿಗೆ ರಸ್ತೆಯೂ ಗುಡ್ಡದ ಜೊತೆ ಹೋಗಿತ್ತು. ನೋಡಲು ಏನೂ ಉಳಿದಿರಲಿಲ್ಲ. ನಾನೂ ಹೇಳಲಿಲ್ಲ.

ಆ ಸಲ ಮಳೆ ಭಯಂಕರವಾಗಿತ್ತು, ನಿಜ. ಕೈ ಹಾಕದವರ ಗುಡ್ಡಗಳೂ ಜಾರಿದವು. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಮಲಗಿದೆ. ಆದರೆ ನನ್ನ ಗುಡ್ಡ ಎಲ್ಲಿಂದ ಬಿಟ್ಟುಕೊಂಡಿತು ಅಂತ ನನಗೆ ಗೊತ್ತು. ರಸ್ತೆ ಇದ್ದ ಜಾಗದಿಂದಲೇ. ಅಪ್ಪನೂ ನೋಡಿದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಇನ್ನೂ ಒಂದಿದೆ. ಇಳಿಜಾರಿನ ಕೆಳಗೆ ಒಬ್ಬರ ಅಡಿಕೆ ತೋಟ ಇತ್ತಲ್ಲ, ನಮಗೆ ಮಜ್ಜಿಗೆ ಕೊಟ್ಟವರು. ಅವರ ಮರಗಳ ಸೊಂಟದವರೆಗೆ ನನ್ನ ಮಣ್ಣು ನಿಂತಿತ್ತು. ನಾನು ಅವರ ಪಕ್ಕದಲ್ಲೇ ನಿಂತು ಮಳೆಗೆ ಬೈದೆ. ಅವರು ನನಗೇ ಸಮಾಧಾನ ಹೇಳಿದರು ಕಣೋ. "ನಿಮ್ದು ಜಾಸ್ತಿ ಹೋಗಿದೆ ಪಾಪ" ಅಂದರು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬಸ್ರೂರಿನ ಬಗ್ಗೆ ಬರೆದು ಮುಗಿಸೋಣ ಅಂತಿದ್ದೆ. ಹಣ ಕಳಿಸಿದವರೂ ಇದನ್ನು ಓದುತ್ತಾರೆ, ಓದಲಿ. ಅವರಿಗೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡುತ್ತೇನೆ. ಅಡಿಕೆ ತೋಟದವರ ಮನೆಗೆ ನಾಳೆ ಹೋಗುತ್ತಿದ್ದೇನೆ. ಅವರಿಗೆ ಇದು ಪತ್ರದಲ್ಲಿ ಗೊತ್ತಾಗಬಾರದು. ಅದಕ್ಕೇ ಈ ಪತ್ರವನ್ನು ಅವರ ಮನೆಯಿಂದ ಬಂದ ಮೇಲೇ ಹಾಕುತ್ತೇನೆ.

ರಾತ್ರಿ ಮಲಗಿ ಮನೆಯ ಮಾಡು ನೋಡುತ್ತಿದ್ದೆ. ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಅಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಹೊಳೆದಡದ ಜೇಡಿಮಣ್ಣು ನಂಬಿಕೊಂಡೇ. ನಮ್ಮ ಘಟ್ಟದಿಂದ ಇಳಿದ ಮಣ್ಣು ಅಲ್ಲಿ ಬೆಂದು, ಹಂಚಾಗಿ, ಗಾಡಿ ಹತ್ತಿ ಮತ್ತೆ ನಮ್ಮ ತಲೆಯ ಮೇಲೇ ಬಂದು ಕೂತಿದೆ. ಎಷ್ಟೋ ಹೊತ್ತು ನಿದ್ದೆ ಬರಲಿಲ್ಲ.

ಸರಿ, ಸಾಕು. ನಿನ್ನ ಬಂಗುಡೆ ಲೆಕ್ಕ ಇನ್ನೂ ಬಾಕಿ ಇದೆ, ಮರೆತಿಲ್ಲ. ಐದು ಅಂತ ನೀನು ಹೇಳುತ್ತೀಯ, ಏಳು ಅಂತ ಹೋಟೆಲಿನವರೇ ಹೇಳಿದ್ದಾರೆ. ಡಿಸೆಂಬರ್‌ನಲ್ಲಿ ಬಾ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಆ ಅಜ್ಜನ ದೋಣಿಯಲ್ಲೇ ಕೂತು ಬರೋಣ. ಗುಡ್ಡದ ಕಡೆಗೂ ಹೋಗೋಣ. ಒರತೆಯ ಬಾಯಿ ಬಿಡಿಸಲು ಶುರು ಮಾಡಿದ್ದೇನೆ, ಗುದ್ದಲಿಯಲ್ಲಿ. ಇನ್ನೊಂದು ಜೊತೆ ಕೈ ಬೇಕು.

ಛತ್ರಿ ತರುವುದನ್ನು ಮರೆಯಬೇಡ. ಹಳದಿಯದ್ದೇ.

ನಿನ್ನವ,
ಘಟ್ಟದ ಮೇಲಿನ ಗೆಳೆಯ