ಇಂಗ್ಲಿಷ್ ಪರೀಕ್ಷೆಯ ಹೊಸ ಕ್ರಮ: ಹತ್ತು ಮತ್ತು ಹನ್ನೊಂದನೇ ತರಗತಿಯ ಪೋಷಕರಿಗೆ

ಮಾನ್ಯ ಪೋಷಕರೇ, ನಮಸ್ಕಾರ.

ಸೆಮಿಸ್ಟರ್ ಮಧ್ಯದ ಪರೀಕ್ಷೆಯ ಇಂಗ್ಲಿಷ್ ಅಂಕಗಳು ನಿಮ್ಮ ಮೊಬೈಲಿಗೆ ಬಂದ ರಾತ್ರಿಯಿಂದ ನನ್ನ ಫೋನಿನ ಝಾಲೊ (ಇಲ್ಲಿನ ಸಂದೇಶ ಆ್ಯಪ್) ಒಂದು ಗಳಿಗೆ ಸುಮ್ಮನಿಲ್ಲ. "ಮೇಡಂ, ಹತ್ತಕ್ಕೆ ಒಂಬತ್ತೂವರೆ ತೆಗೀತಿದ್ದ ಹುಡುಗಿಗೆ ಆರೂವರೆ ಹೇಗೆ ಬರುತ್ತೆ?" ಎಂದು ಕೇಳಿದವರಿದ್ದಾರೆ. "ಮೊದಲಿನ ಹಾಗೇ ಇರಲಿ ಬಿಡಿ, ಚೆನ್ನಾಗಿ ನಡೀತಿತ್ತಲ್ಲ" ಎಂದವರಿದ್ದಾರೆ. ನವೆಂಬರ್ 20ರ ವಿಯೆಟ್ನಾಮಿನ ಶಿಕ್ಷಕರ ದಿನಕ್ಕೆ ಹೂಗುಚ್ಛ ಕೊಟ್ಟು, ಅದರ ಹಿಂದೆಯೇ ಮನವಿ ಪತ್ರವನ್ನೂ ಕೊಟ್ಟವರಿದ್ದಾರೆ. ಎರಡನ್ನೂ ಸಂತೋಷದಿಂದಲೇ ತೆಗೆದುಕೊಂಡೆ. ವಿಯೆಟ್ನಾಮೀ ಪೋಷಕರಿಗೆ ಅವರ ಭಾಷೆಯಲ್ಲಿ ಪತ್ರ ಹೋಗಿದೆ. ನಮ್ಮಲ್ಲಿರುವ ಬೆರಳೆಣಿಕೆಯ ಕನ್ನಡದ ಮನೆಗಳಿಗೆ ಅದೇ ವಿಷಯವನ್ನು ಕನ್ನಡದಲ್ಲಿ ನಾನೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಅರ್ಧಂಬರ್ಧ ಆದ ಮಾತು ಇಲ್ಲಿ ಪೂರ್ತಿಯಾಗಲಿ.

ಬದಲಾಗಿರುವುದು ಅಡ್ವಾನ್ಸ್ಡ್ ಇಂಗ್ಲಿಷ್ ತರಗತಿಯ ಪರೀಕ್ಷೆ ಮಾತ್ರ. ಸಾಮಾನ್ಯ ಇಂಗ್ಲಿಷ್ ತರಗತಿಯ ಮಕ್ಕಳಿಗೆ ಏನೂ ಬದಲಾಗಿಲ್ಲ. ಕಳೆದ ವರ್ಷದವರೆಗೆ ಇಡೀ ಪ್ರಶ್ನೆಪತ್ರಿಕೆ ನಾಲ್ಕರಲ್ಲಿ ಒಂದನ್ನು ಗುರುತಿಸುವ ಬಗೆಯದಾಗಿತ್ತು. ಈಗ ಅರ್ಧ ಅಂಕ ಓದಿ, ಕೇಳಿ ಉತ್ತರಿಸುವುದಕ್ಕೆ. ಇನ್ನರ್ಧ ಬರೆಯುವುದಕ್ಕೆ ಮತ್ತು ಮಾತಾಡುವುದಕ್ಕೆ. ಒಂದು ಪತ್ರ, ಒಂದು ಪ್ರಬಂಧ, ಆಮೇಲೆ ಇಬ್ಬರು ಶಿಕ್ಷಕರ ಮುಂದೆ ಹನ್ನೆರಡು ನಿಮಿಷದ ಮಾತು. ಸೆಮಿಸ್ಟರ್ ಕೊನೆಯ ಪರೀಕ್ಷೆಯೂ ಹೀಗೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪತ್ರದ ಕೊನೆಯಲ್ಲಿ ಎಲ್ಲಾದರೂ ರಿಯಾಯಿತಿ ಇರಬಹುದೆಂದು ಹುಡುಕುವವರಿಗೆ ನಿರಾಸೆಯಾಗಬಾರದು.

ಈಗ ಅಂಕದ ಮಾತು. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಹೊಕ್ ಬಾದಲ್ಲಿ, ಅಂದರೆ ಶಾಲೆಯ ಅಂಕದಾಖಲೆಯಲ್ಲಿ, ಒಮ್ಮೆ ಕೂತ ಅಂಕ ವಿಶ್ವವಿದ್ಯಾಲಯದ ಬಾಗಿಲವರೆಗೂ ಜೊತೆಗೆ ಬರುತ್ತದೆ. ಆ ದಾಖಲೆ ನೋಡಿಯೇ ಸೀಟು ಕೊಡುವ ಕಡೆಗಳೂ ಇವೆ. 'ಉತ್ತಮ ವಿದ್ಯಾರ್ಥಿ' ಎನಿಸಿಕೊಳ್ಳಲು ಕನಿಷ್ಠ ಆರು ವಿಷಯಗಳಲ್ಲಿ ಸರಾಸರಿ 8.0 ಬೇಕು, ಅದಕ್ಕೂ ಮೇಲಿನ ದರ್ಜೆಗೆ ಆರು ವಿಷಯಗಳಲ್ಲಿ 9.0 ಬೇಕು ಎಂಬುದು ನಿಮಗೂ ಗೊತ್ತು, ಮಕ್ಕಳಿಗಂತೂ ಬಾಯಿಪಾಠ. ಆದರೆ ಒಂದು ಸಣ್ಣ ಲೆಕ್ಕ ಮಾಡಿ. 2021ರ 22ನೇ ಸುತ್ತೋಲೆಯ ಪ್ರಕಾರ ಒಂದು ಸೆಮಿಸ್ಟರಿನಲ್ಲಿ ಇಂಗ್ಲಿಷಿಗೆ ನಾಲ್ಕು ಸಣ್ಣ ಮೌಲ್ಯಮಾಪನಗಳಿವೆ, ಒಂದೊಂದಕ್ಕೂ ತೂಕ 1. ಮಧ್ಯದ ಪರೀಕ್ಷೆಗೆ 2, ಕೊನೆಯದಕ್ಕೆ 3. ಒಟ್ಟು ಒಂಬತ್ತು. ಮಧ್ಯದ ಪರೀಕ್ಷೆಯಲ್ಲಿ 6.5 ಬಂದ ಮಗು ಉಳಿದೆಲ್ಲದರಲ್ಲಿ 8.5 ತೆಗೆದರೆ ಸರಾಸರಿ 8.1 ಬರುತ್ತದೆ. ವರ್ಷದ ಸರಾಸರಿಯಲ್ಲಿ ಎರಡನೇ ಸೆಮಿಸ್ಟರಿಗೆ ಇಮ್ಮಡಿ ತೂಕ. ಅಂದರೆ ಮಗು ಹೊಸ ಕ್ರಮಕ್ಕೆ ಒಗ್ಗಿಕೊಳ್ಳಲು ನಿಯಮದಲ್ಲೇ ಜಾಗವಿದೆ. ಕ್ಯಾಲ್ಕುಲೇಟರ್ ಹಿಡಿಯುವ ಮುನ್ನವೇ ಮನೆಯಲ್ಲಿ ಸೂತಕದ ವಾತಾವರಣ ಬೇಡ.

ಇನ್ನೊಂದು ಮಾತನ್ನು ನಿಧಾನವಾಗಿ ಹೇಳುತ್ತೇನೆ. ಒಂಬತ್ತೂವರೆ ಆರೂವರೆಗೆ ಇಳಿಯಿತು ಎಂದರೆ ಮಗುವಿನ ಇಂಗ್ಲಿಷ್ ಇಳಿಯಿತು ಎಂದಲ್ಲ. ಅಕ್ಟೋಬರಿನಲ್ಲಿ ಬರುತ್ತಿದ್ದುದು ನವೆಂಬರಿನಲ್ಲೂ ಬರುತ್ತದೆ. ಮೊದಲಿನ ಪತ್ರಿಕೆ ಕೇಳದೇ ಬಿಟ್ಟದ್ದನ್ನು ಈ ಪತ್ರಿಕೆ ಕೇಳಿತು, ಅಷ್ಟೇ. ಮತ್ತೆ ಹೇಳುತ್ತೇನೆ, ಇಂಗ್ಲಿಷ್ ಇಳಿದಿಲ್ಲ. ನಿಮ್ಮ ಮಗು ಸೋಮಾರಿಯಾಗಿಲ್ಲ, ಶಿಕ್ಷಕರು ಬಿಗಿ ಮಾಡಿಲ್ಲ, ಶಾಲೆಗೆ ಯಾರ ಮೇಲೂ ಸಿಟ್ಟಿಲ್ಲ.

ನಿಮ್ಮ ಪ್ರಶ್ನೆಗಳಲ್ಲಿ ನಿಜಕ್ಕೂ ಗಟ್ಟಿಯಾದದ್ದು ಒಂದಿದೆ. ಹನ್ನೆರಡನೇ ತರಗತಿಯ ರಾಷ್ಟ್ರೀಯ ಪರೀಕ್ಷೆಯ ಇಂಗ್ಲಿಷೇ ಪೂರ್ತಿ ಟಿಕ್ ಮಾಡುವ ಪತ್ರಿಕೆ, ಹಾಗಿರುವಾಗ ಶಾಲೆಗೆ ಈ ಉಸಾಬರಿ ಏಕೆ? 2025ರಿಂದ ಆ ಪರೀಕ್ಷೆಯಲ್ಲಿ ಗಣಿತ, ಸಾಹಿತ್ಯ ಎರಡೇ ಕಡ್ಡಾಯ. ಇಂಗ್ಲಿಷ್ ಆಯ್ಕೆಯ ವಿಷಯ, 50 ನಿಮಿಷಕ್ಕೆ 40 ಪ್ರಶ್ನೆ. ಉಚ್ಚಾರಣೆಯನ್ನು ಕಾಗದದ ಮೇಲೆ ಗೆರೆ ಎಳೆದು ಕೇಳುತ್ತಿದ್ದ ಹಳೆಯ ಪ್ರಶ್ನೆಗಳನ್ನು ಈಗ ಕೈಬಿಟ್ಟಿದ್ದಾರೆ. (ಒಳ್ಳೆಯದೇ ಆಯಿತು. ಬಾಯಿ ಬಿಡದೆ ಉಚ್ಚಾರಣೆಯಲ್ಲಿ ಪೂರ್ತಿ ಅಂಕ ಪಡೆಯುವ ವಿದ್ಯೆ ನನಗೆಂದೂ ಅರ್ಥವಾಗಿರಲಿಲ್ಲ.) ಆದರೂ ಗುರುತು ಹಾಕುವ ಪತ್ರಿಕೆ ಗುರುತು ಹಾಕುವ ಪತ್ರಿಕೆಯೇ. ಅದಕ್ಕೆ ಕಾರಣವನ್ನು ಯಾರೂ ವಿವರಿಸಬೇಕಿಲ್ಲ. ಇಂಗ್ಲಿಷ್ ಆಯ್ದುಕೊಂಡ ಸುಮಾರು 3.5 ಲಕ್ಷ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸುವುದು ಯಾವ ಸಚಿವಾಲಯಕ್ಕೂ ಸುಲಭವಲ್ಲ. ನಮಗೆ ಸುಲಭ. ನಮ್ಮ ತರಗತಿ ಚಿಕ್ಕದು. ಮಾಡಲು ಬರುವುದನ್ನೂ ಮಾಡದೆ, 'ಅವರೂ ಮಾಡುವುದಿಲ್ಲವಲ್ಲ' ಎಂದು ಕೂತರೆ 'ಅಡ್ವಾನ್ಸ್ಡ್' ಎಂಬ ಬೋರ್ಡನ್ನು ತರಗತಿಯ ಬಾಗಿಲಿನಿಂದ ಇಳಿಸಬೇಕಾಗುತ್ತದೆ.

ಇನ್ನು, ಆ ಟಿಕ್ ಪತ್ರಿಕೆಯೂ ಮೊದಲಿನದಲ್ಲ. 2025ರ ಜೂನಿನಲ್ಲಿ ಇಂಗ್ಲಿಷ್ ಪತ್ರಿಕೆ ಕಷ್ಟವಾಯಿತೆಂದು ದೇಶದಾದ್ಯಂತ ಮಕ್ಕಳು ಗೋಳಾಡಿದ್ದನ್ನು ನೀವೂ ಸುದ್ದಿಯಲ್ಲಿ ನೋಡಿದ್ದೀರಿ. ಉದ್ದುದ್ದ ವಾಕ್ಯವೃಂದಗಳು, ಸಂದರ್ಭ ಹಿಡಿದರೆ ಮಾತ್ರ ಹೊಳೆಯುವ ಪದಗಳು, ಕಲಸಿಟ್ಟ ವಾಕ್ಯಗಳನ್ನು ಸರಿಯಾದ ಅನುಕ್ರಮಕ್ಕೆ ತರುವ ಪ್ರಶ್ನೆಗಳು. ಸ್ವಂತವಾಗಿ ನಾಲ್ಕು ಪ್ಯಾರಾ ಬರೆದು ಅಭ್ಯಾಸವಿಲ್ಲದ ಮಗುವಿಗೆ, ಬೇರೆಯವರು ಬರೆದ ಪ್ಯಾರಾದಲ್ಲಿ ಯಾವ ವಾಕ್ಯ ಯಾವುದರ ಹಿಂದೆ ಬರಬೇಕೆಂಬುದು ಹೊಳೆಯುವುದು ಕಷ್ಟ. ಬರವಣಿಗೆ ಕಲಿಸುವುದು ಆ ಪರೀಕ್ಷೆಗೂ ತಯಾರಿಯೇ. ಇದನ್ನು ನಂಬುವುದು ನಿಮಗೆ ಕಷ್ಟವಾಗುತ್ತಿದೆ ಎಂದು ಗೊತ್ತು. ಆದ್ದರಿಂದಲೇ ಎರಡು ಸಲ ಬರೆಯುತ್ತಿದ್ದೇನೆ: ಬರವಣಿಗೆ ಆ ಪರೀಕ್ಷೆಗೂ ತಯಾರಿಯೇ.

ಅಳತೆಗೋಲು ನಮ್ಮ ಮನಸ್ಸಿಗೆ ಬಂದದ್ದಲ್ಲ. ವಿಯೆಟ್ನಾಮಿನಲ್ಲಿ 2014ರಿಂದ ಆರು ಹಂತಗಳ ವಿದೇಶಿ ಭಾಷಾ ಸಾಮರ್ಥ್ಯದ ಚೌಕಟ್ಟು ಇದೆ. ಯುರೋಪಿನವರು ಎ1ರಿಂದ ಸಿ2ವರೆಗೆ ಹೇಳುವ ಆರು ಮೆಟ್ಟಿಲುಗಳಿಗೆ ಹೊಂದುವಂಥದ್ದು. 2018ರ ಪಠ್ಯಕ್ರಮ ಹನ್ನೆರಡನೇ ತರಗತಿ ಮುಗಿಸಿದ ಎಲ್ಲ ಮಕ್ಕಳಿಂದ ನಿರೀಕ್ಷಿಸುವುದು ಮೂರನೇ ಹಂತ, ಅಂದರೆ ಬಿ1. ನಾವು ಅಡ್ವಾನ್ಸ್ಡ್ ತರಗತಿಗೆ ಹೇಳಿಕೊಂಡಿರುವುದು ನಾಲ್ಕನೇ ಹಂತ, ಸಾಧ್ಯವಾದವರಿಗೆ ಐದು. ಆ ಮೂರು ಹಂತಗಳನ್ನು ಅಳೆಯಲೆಂದೇ ದೇಶದ್ದೇ ಆದ ವಿಸ್ಟೆಪ್ ಪರೀಕ್ಷೆ 2015ರಿಂದ ಇದೆ. ಕೇಳುವುದಕ್ಕೆ ಸುಮಾರು 40 ನಿಮಿಷ, ಓದುವುದಕ್ಕೆ 60, ಬರೆಯುವುದಕ್ಕೆ 60, ಮಾತಿಗೆ 12. ಅಲ್ಲಿ ಹತ್ತಕ್ಕೆ ಆರು ಬಂದರೆ ಬಿ2, ಎಂಟೂವರೆ ಬಂದರೆ ಸಿ1. ಬರವಣಿಗೆಯಲ್ಲಿ ಅವರು ನೋಡುವ ನಾಲ್ಕು ಅಂಶಗಳನ್ನೇ ನಾವೂ ನೋಡುತ್ತೇವೆ: ಕೇಳಿದ್ದಕ್ಕೆ ಉತ್ತರಿಸಿದೆಯೇ, ಮಾತು ಒಂದಕ್ಕೊಂದು ಹೊಂದಿಕೊಂಡು ಸಾಗಿದೆಯೇ, ಪದಗಳು, ವ್ಯಾಕರಣ. ಬೈಕ್ ಲೈಸೆನ್ಸಿಗೆ ಹೋದಾಗ ಥಿಯರಿ ಪಾಸಾದವರಿಗೂ 'ಎಂಟು ಹಾಕಿ ತೋರಿಸು' ಎನ್ನುತ್ತಾರೆ. ಸೈಗಾನಿನಲ್ಲೂ ಅದೇ, ಬೆಂಗಳೂರಿನಲ್ಲೂ ಅದೇ. ಆಗ ಯಾರೂ ಮನವಿ ಪತ್ರ ಕೊಡುವುದಿಲ್ಲ.

ಹಾಗಾದರೆ ಮಕ್ಕಳು ಎಲ್ಲಿ ಅಂಕ ಕಳೆದುಕೊಂಡರು? ಪತ್ರಿಕೆಗಳನ್ನು ತಿದ್ದಿದವರ ಜೊತೆ ಕೂತು ನೋಡಿದ್ದೇನೆ. ವಿಯೆಟ್ನಾಮೀ ಮಕ್ಕಳ ಕಷ್ಟ ಎದ್ದು ಕಾಣುತ್ತದೆ. ಅವರ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ನಾಮಪದಕ್ಕೆ ಬಹುವಚನದ ಪ್ರತ್ಯಯವಿಲ್ಲ. ಪದದ ಕೊನೆಯಲ್ಲಿ ನಿಲ್ಲಬಹುದಾದ ವ್ಯಂಜನಗಳು ಕೆಲವೇ, ಅವನ್ನೂ ಬಾಯಲ್ಲೇ ತಡೆದು ನಿಲ್ಲಿಸುತ್ತಾರೆ. 'ಸ್' ಅಂತೂ ಪದದ ಕೊನೆಗೆ ಬರುವುದೇ ಇಲ್ಲ. ಇಂಗ್ಲಿಷಿನ ಭೂತಕಾಲವೂ ಬಹುವಚನವೂ ಕೂತಿರುವುದು ಅಲ್ಲೇ, ಪದದ ತುದಿಯಲ್ಲಿ. ಟಿಕ್ ಮಾಡುವಾಗ ಇದೇ ಮಕ್ಕಳು ಆ ಪ್ರತ್ಯಯವನ್ನು ಒಮ್ಮೆಯೂ ತಪ್ಪಿಸುವುದಿಲ್ಲ, ನಿಯಮ ಅರೆದು ಕುಡಿದಿದ್ದಾರೆ. ಎರಡು ನಿಮಿಷ ನಿಲ್ಲದೆ ಮಾತಾಡು ಎಂದಾಗ ಅದೇ ಪ್ರತ್ಯಯಗಳು ಒಂದೊಂದಾಗಿ ಉದುರುತ್ತವೆ. ನಿನ್ನೆ ಆದದ್ದೋ ಇಂದಿನದ್ದೋ ಕೇಳುವವರಿಗೆ ತಿಳಿಯುವುದಿಲ್ಲ. ಹಳೆಯ ಪತ್ರಿಕೆಯಲ್ಲಿ ಇದು ಕಾಣಲು ದಾರಿಯೇ ಇರಲಿಲ್ಲ. ಕಾಣದ್ದನ್ನು ಶಿಕ್ಷಕರು ತಿದ್ದುವುದು ಹೇಗೆ?

ನಮ್ಮ ಕನ್ನಡದ ಮಕ್ಕಳ ವಿಷಯ ಬೇರೆ. "ನಮ್ಮ ಮನೇಲಿ ಇಂಗ್ಲಿಷ್ ಚೆನ್ನಾಗಿಯೇ ಆಡ್ತಾರೆ ಮೇಡಂ" ಎಂದು ನೀವು ಹೇಳಿದ್ದು ನಿಜ. ನಿರರ್ಗಳ ಮಾತಿಗೆ ಇವರಿಗೆ ಒಳ್ಳೆಯ ಅಂಕವೇ ಬಂದಿದೆ. ಪದದ ಕೊನೆಯಲ್ಲಿ ನಾವೊಂದು ಉಕಾರ ಸೇರಿಸಿಕೊಳ್ಳುತ್ತೇವಲ್ಲ, ಅದಕ್ಕೆ ಯಾರೂ ಅಂಕ ಕಳೆದಿಲ್ಲ. ಉಚ್ಚಾರಣೆಯ ಧಾಟಿಗೆ ದಂಡವಿಲ್ಲ, ಕೇಳುವವರಿಗೆ ಅರ್ಥವಾದರೆ ಸಾಕು. ಇವರು ಜಾರಿದ್ದು ಬರವಣಿಗೆಯಲ್ಲಿ. ನಗರದಲ್ಲಿ ಮೋಟರ್ ಬೈಕುಗಳನ್ನು ನಿರ್ಬಂಧಿಸಬೇಕೇ ಎಂದು ಕೇಳಿದರೆ, ಟ್ರಾಫಿಕ್ಕಿನ ಬಗ್ಗೆ ತಮಗೆ ಗೊತ್ತಿರುವುದನ್ನೆಲ್ಲ ಒಂದೇ ಪ್ಯಾರಾದಲ್ಲಿ ಸುರಿದಿದ್ದಾರೆ. ಬೇಕೋ ಬೇಡವೋ ಎಂದು ಕೊನೆಯವರೆಗೂ ಹೇಳಿಲ್ಲ. ಗೈಡು ನೋಡಿ ಪ್ರಬಂಧ ಉರು ಹೊಡೆದ ನಮ್ಮ ಎಸ್ಸೆಸ್ಸೆಲ್ಸಿ ಕಾಲದವರಿಗೆ ಈ ಶೈಲಿ ಪರಿಚಿತವೇ.

ಐಇಎಲ್‌ಟಿಎಸ್ ಸರ್ಟಿಫಿಕೇಟು ಇದ್ದವರಿಗೆ ನೇರವಾಗಿ ಹತ್ತು ಕೊಡಿ ಎಂಬ ಬೇಡಿಕೆ ಬಂದಿದೆ. ಕೊಡಲಾಗುವುದಿಲ್ಲ. 2024ರವರೆಗೆ ರಾಷ್ಟ್ರೀಯ ಪರೀಕ್ಷೆಯಲ್ಲೇ 4.0 ಇದ್ದವರ ಇಂಗ್ಲಿಷನ್ನು ಹತ್ತು ಎಂದು ಲೆಕ್ಕ ಹಿಡಿಯುತ್ತಿದ್ದರು. 2025ರಿಂದ ವಿನಾಯಿತಿ ಉಂಟು, ಹತ್ತು ಇಲ್ಲ. ಸರ್ಕಾರವೇ ನಿಲ್ಲಿಸಿದ್ದನ್ನು ನಾವು ಶಾಲೆಯಲ್ಲಿ ಶುರು ಮಾಡುವುದು ಸರಿಯಲ್ಲ. ಐಇಎಲ್‌ಟಿಎಸ್ ಬರೆಯಬೇಡಿ ಎನ್ನುತ್ತಿಲ್ಲ, ಖಂಡಿತ ಬರೆಸಿ. ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ಬೆಲೆಯಿದೆ, ಮಗುವಿನ ಶ್ರಮಕ್ಕೆ ನಮಗೂ ಹೆಮ್ಮೆಯಿದೆ. ಶಾಲೆಯ ಅಂಕಕ್ಕೆ ಮಾತ್ರ ಶಾಲೆಯ ಪರೀಕ್ಷೆ.

ಮಾತಿನ ಪರೀಕ್ಷೆಯ ಪ್ರಶ್ನೆಗಳನ್ನು ಮುಂಚಿತವಾಗಿ ಕೊಡಿ ಎಂದೂ ಕೇಳಿದ್ದೀರಿ. ವಿಷಯಗಳು ಪಠ್ಯಪುಸ್ತಕದ ಪಾಠಗಳವೇ, ಹೊರಗಿನದೇನೂ ಬರುವುದಿಲ್ಲ. ಚೀಟಿಯಲ್ಲಿನ ಪ್ರಶ್ನೆ ಮಾತ್ರ ಆ ಕೋಣೆಯಲ್ಲೇ ಕೈಗೆ ಸಿಗುವುದು. ಕೊಟ್ಟರೆ ಏನಾಗುತ್ತದೆಂದು ನಿಮಗೂ ಗೊತ್ತು: ಆ ವಾರವೇ ಯಾವುದಾದರೂ ಟ್ಯೂಷನ್ ಸೆಂಟರಿನಲ್ಲಿ ಉತ್ತರ ತಯಾರಾಗಿ, ಇಡೀ ತರಗತಿ ಒಂದೇ ಅಜ್ಜಿಯ ಕಥೆ ಹೇಳುತ್ತದೆ. ಈ ಸಲವೇ ಹಲವರ ಪ್ರಬಂಧದ ಮೊದಲ ವಾಕ್ಯ ಅಕ್ಷರಶಃ ಒಂದೇ ಇತ್ತು. ಬಾಯಿಪಾಠದ ಭಾಗಕ್ಕೆ ಅಂಕವಿಲ್ಲವೆಂದು ತರಗತಿಯಲ್ಲಿ ಹೇಳಿದ್ದೆವು, ಈಗಲೂ ಅಷ್ಟೇ ಹೇಳುತ್ತೇವೆ. ಹಾಗೆಂದು ಟ್ಯೂಷನ್ನಿಗೆ ಹೋಗುವ ಮಕ್ಕಳ ಮೇಲೆ ನಮಗೆ ಅನುಮಾನವಿಲ್ಲ.

ತಿದ್ದುವವರ ಬಗ್ಗೆ ಕೆಲವರು ಮೆಲ್ಲಗೆ ಪ್ರಶ್ನೆ ಎತ್ತಿದ್ದಾರೆ. ಟಿಕ್ ಪತ್ರಿಕೆಯಲ್ಲಿ ಯಂತ್ರ ಎಣಿಸುತ್ತದೆ, ಇಲ್ಲಿ ಮನುಷ್ಯರು ಅಲ್ಲವೇ ಎಂದು. ಹೌದು, ಮನುಷ್ಯರೇ. ಅದಕ್ಕಾಗಿಯೇ ಪ್ರಬಂಧಗಳಿಂದ ಹೆಸರು ತೆಗೆದು ಇಬ್ಬರು ಬೇರೆ ಬೇರೆಯಾಗಿ ತಿದ್ದುತ್ತಾರೆ. ಅಂತರ ಹೆಚ್ಚಾದರೆ ಮೂರನೆಯವರು ನೋಡುತ್ತಾರೆ. ತಮ್ಮದೇ ವಿದ್ಯಾರ್ಥಿಗಳಿಗೆ ಹೊರಗೆ ಹಣ ಪಡೆದು ಪಾಠ ಹೇಳುವಂತಿಲ್ಲ ಎಂಬ ನಿಯಮ 2025ರ ಫೆಬ್ರವರಿ 14ರಿಂದ ಜಾರಿಯಲ್ಲಿದೆ, ನಮ್ಮಲ್ಲಿ ಅದನ್ನು ಮೀರಿದವರಿಲ್ಲ. 'ಆ ಮಿಸ್ ಹತ್ತಿರ ಟ್ಯೂಷನ್ನಿಗೆ ಹೋದರೆ ಅಂಕ ಬರುತ್ತದೆ' ಎಂಬ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡಿ. ಅಂಕದ ಬಗ್ಗೆ ಸಂಶಯವಿದ್ದವರು ಬಂದು ಮಗುವಿನ ಉತ್ತರಪತ್ರಿಕೆ ನೋಡಬಹುದು, ಮರು ಪರಿಶೀಲನೆ ಕೇಳಬಹುದು. ಬಾಗಿಲು ತೆರೆದೇ ಇದೆ, ಚಹಾ ನನ್ನ ಕಡೆಯಿಂದ. ಬರವಣಿಗೆಯಲ್ಲಿ ಹಿಂದೆ ಬಿದ್ದವರಿಗೆ ಗುರುವಾರ ಸಂಜೆ ಶಾಲೆಯಲ್ಲೇ ಉಚಿತವಾಗಿ ತರಗತಿ ನಡೆಯುತ್ತಿದೆ. ಈ ಬಗ್ಗೆ ಎಲ್ಲರಿಗೂ ಸಂದೇಶ ಕಳಿಸಿದರೂ ಅರ್ಧ ಬೆಂಚು ಖಾಲಿ ಇದೆ.

ಮಾತಿನ ಪರೀಕ್ಷೆಗೆ ಮರು ಪರಿಶೀಲನೆ ಸಾಧ್ಯವಾಗಬೇಕಾದರೆ ಧ್ವನಿಮುದ್ರಣ ಬೇಕು. ಅದು ಶಾಲೆಯಲ್ಲೇ ಇರುತ್ತದೆ, ಸೆಮಿಸ್ಟರಿನ ಅಂಕ ಅಂತಿಮವಾದ ಮೇಲೆ ಅಳಿಸಿಬಿಡುತ್ತೇವೆ.

ಮಗುವಿನ ಚೀಲದಲ್ಲಿರುವ ಧ್ವನಿಮುದ್ರಣದ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿಕೊಡಿ.

ಇಂತಿ ನಿಮ್ಮ,
ಪ್ರಾಂಶುಪಾಲರು

ವಿ.ಸೂ.: ಮಾತಿನ ಪರೀಕ್ಷೆಯ ವೇಳಾಪಟ್ಟಿ ತರಗತಿ ಶಿಕ್ಷಕರ ಬಳಿ ಇದೆ. ತಂದೆ ತಾಯಿ ಇಬ್ಬರೂ ಕೋಣೆಯ ಹೊರಗೆ ಕಾಯುವ ಅಗತ್ಯವಿಲ್ಲ. ಕಳೆದ ಸಲ ಕಿಟಕಿಯಿಂದ ಸನ್ನೆ ಮಾಡುತ್ತಿದ್ದವರನ್ನು ನೋಡಿ ಮಕ್ಕಳಿಗಿಂತ ಶಿಕ್ಷಕರೇ ತಡವರಿಸಿದರು.