ಮದುವೆ ಕಾರ್ಡ್ ಅಂತ ಬಂದ ಫೈಲ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಗುಂಪಿಗೆ 'ಮದುವೆ ಆಮಂತ್ರಣ' ಅಂತ ಬಂದ ಫೈಲನ್ನು ತೆಗೆದುಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಅದರ ಹೆಸರಿನ ಕೊನೆಗೆ ಎಪಿಕೆ ಅಂತ ಇತ್ತು. ನಿಜವಾದ ಕಾರ್ಡ್ ಫೋಟೊ ಇಲ್ಲವೇ ಪಿಡಿಎಫ್ ಆಗಿ ಬರುತ್ತೆ, ಅಲ್ವಾ? ಎಪಿಕೆ ಅಂದರೆ ಆಂಡ್ರಾಯ್ಡ್ ಫೋನಿಗೆ ಆಪ್ ಹಾಕುವ ಫೈಲ್. ಅದನ್ನು ಇನ್‌ಸ್ಟಾಲ್ ಮಾಡಿ, ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ಕಳ್ಳರ ಕೈಗೆ ಹೋಗುತ್ತೆ. ಭತ್ತ ಮಾರಿದ ದುಡ್ಡು ಖಾತೆಗೆ ಬೀಳುವ ಸಮಯ ಇದು, ಹುಷಾರು.

ಮಗನ ಐಫೋನಿನಲ್ಲಿ ಅದು ತೆರೆಯಲೇ ಇಲ್ಲ, ಫೋನ್ ಕೆಟ್ಟಿದೆಯಾ ಅಂತ ಕಾರಟಗಿಯಿಂದ ಒಬ್ಬರು ಕೇಳಿದ್ದಾರೆ. ಕೆಟ್ಟಿಲ್ಲ. ಫೋನ್ ನಡೆಸುವ ಮೂಲ ಸಾಫ್ಟ್‌ವೇರ್ ಐಫೋನಿನಲ್ಲಿ ಬೇರೆ, ಅದರ ಹೆಸರು ಐಒಎಸ್. ಅದಕ್ಕೆ ಎಪಿಕೆ ಕೊಡೋದು ಡೀಸೆಲ್ ಟ್ರ್ಯಾಕ್ಟರಿಗೆ ಪೆಟ್ರೋಲ್ ಹಾಕಿದ ಹಾಗೆ. ಆಪ್ ಸಿಗುವ ಜಾಗ ಅಲ್ಲಿ ಆಪ್ ಸ್ಟೋರ್, ಆಂಡ್ರಾಯ್ಡಿನಲ್ಲಿ ಪ್ಲೇ ಸ್ಟೋರ್. ಆಪ್ ಮಾಡುವವರು ಎರಡಕ್ಕೂ ಬೇರೆ ಬೇರೆಯಾಗಿ ಸಿದ್ಧ ಮಾಡಬೇಕು. ಅದಕ್ಕೇ ಕೆಲವು ಆಪ್ ಒಂದರಲ್ಲಿ ಮಾತ್ರ ಸಿಗುತ್ತವೆ. ಬಟನ್ ಇರುವ ಜಿಯೋಫೋನಿನಲ್ಲಿ ಇರೋದು ಕೈಒಎಸ್ ಅನ್ನೋ ಮೂರನೇ ಸಾಫ್ಟ್‌ವೇರ್, ಅದರ ಲೆಕ್ಕವೇ ಬೇರೆ. ಹಾಗಂತ ಐಫೋನ್ ಇದ್ದವರಿಗೆ ಮೋಸ ಆಗಲ್ಲ ಅಂತೇನಿಲ್ಲ. ಸುಳ್ಳು ಲಿಂಕ್ ಎಲ್ಲ ಫೋನಿಗೂ ಬರುತ್ತೆ.

ಈಗಾಗಲೇ ಇನ್‌ಸ್ಟಾಲ್ ಮಾಡಿದವರು ಮೊದಲು ನೆಟ್ ಬಂದ್ ಮಾಡಿ, ಆ ಆಪ್ ತೆಗೆದುಹಾಕಿ. ಕೂಡಲೇ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಾಚಿಕೆ ಬೇಡ. ಆಂಡ್ರಾಯ್ಡ್ ಫೋನ್ ಇರುವ ಉಳಿದವರು ಸೆಟ್ಟಿಂಗ್ಸಿನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆಪ್ಸ್' ಹುಡುಕಿ, ವಾಟ್ಸಾಪ್ ಎದುರಿನ ಅನುಮತಿ ಬಂದ್ ಮಾಡಿ. ಸಿಗದಿದ್ದರೆ ಇಲ್ಲೇ ಸ್ಕ್ರೀನ್‌ಶಾಟ್ ಹಾಕಿ, ಹೇಳಿಕೊಡುತ್ತೇನೆ.