ಗರಿಗರಿ ಈರುಳ್ಳಿ ಬಳೆ: ಮಗಳಿಗೊಂದು ಪತ್ರ

ಪುಟ್ಟಿ,

ಫೋಟೊ ನೋಡಿದೆ. ಈರುಳ್ಳಿ ಒಂದು ಕಡೆ, ಅದರ ಹೊದಿಕೆ ಇನ್ನೊಂದು ಕಡೆ, ತಟ್ಟೆಯ ತಳದಲ್ಲಿ ಎಣ್ಣೆ. ಆನಿಯನ್ ರಿಂಗ್ಸ್ ಗರಿಗರಿಯಾಗಲು ಹಿಟ್ಟಿಗೆ ಏನು ಸೇರಿಸಬೇಕು ಅಂತ ಕೇಳಿದ್ದೀಯ. ಸೇರಿಸುವ ಮಾತು ಆಮೇಲೆ. ನೂರು ಗ್ರಾಂ ಈರುಳ್ಳಿಯಲ್ಲಿ ಸುಮಾರು 89 ಗ್ರಾಂ ನೀರೇ ಇರುತ್ತದೆ. ಆ ನೀರು ಹೊದಿಕೆಗೆ ಇಳಿದ ಗಳಿಗೆಯಿಂದಲೇ ಅದು ಮೆತ್ತಗಾಗಲು ಶುರು. ಹಾಗಾಗಿ ಈರುಳ್ಳಿ ಹೆಚ್ಚುವಾಗಿನಿಂದ ತಟ್ಟೆಗೆ ಬಡಿಸುವವರೆಗೆ ನೀರಿನ ಮೇಲೆ ಒಂದು ಕಣ್ಣಿಟ್ಟಿರು.

ಇಬ್ಬರಿಗೆ ದೊಡ್ಡ ಈರುಳ್ಳಿ ಎರಡು ಸಾಕು, ಒಂದೊಂದೂ 200 ಗ್ರಾಂ ತೂಗುವಂಥದ್ದು. ಒತ್ತಿದರೆ ಕಲ್ಲಿನಂತಿರಬೇಕು, ಸಿಪ್ಪೆ ಒಣಗಿ ಸರಸರ ಅನ್ನಬೇಕು. ಕುತ್ತಿಗೆ ಮೆತ್ತಗಾಗಿದ್ದರೆ ಅಥವಾ ಮೊಳಕೆ ಇಣುಕಿದ್ದರೆ ಸಾರಿಗೋ ಪಲ್ಯಕ್ಕೋ ಇಟ್ಟುಕೋ. ಹೆಚ್ಚುವಾಗ ಅಡ್ಡಡ್ಡ ಕೊಯ್ಯಬೇಕು, ಬೇರಿನಿಂದ ತುದಿಯ ಕಡೆಗೆ ಕೊಯ್ದರೆ ಬಳೆ ಬರುವುದಿಲ್ಲ. ಉರುಳುತ್ತದೆ ಅನ್ನಿಸಿದರೆ ಪಕ್ಕದಿಂದ ತೆಳ್ಳಗೆ ಒಂದು ಚೂರು ತೆಗೆದು ಆ ಚಪ್ಪಟೆ ಕಡೆಯ ಮೇಲೆ ಕೂರಿಸು, ಬೆರಳು ಉಳಿಯುತ್ತದೆ. ದಪ್ಪ 1 ಸೆಂ.ಮೀ. ಇರಲಿ. ಅರ್ಧ ಸೆಂ.ಮೀ.ಗಿಂತ ತೆಳ್ಳಗಾದರೆ ಹೊದಿಕೆ ಬೇಯುವಷ್ಟರಲ್ಲಿ ಈರುಳ್ಳಿ ಬಾಡಿ ಕುಗ್ಗಿ ಒಳಗೆ ಬರೀ ಪೊಳ್ಳು ಉಳಿಯುತ್ತದೆ. ಒಂದೂವರೆ ಸೆಂ.ಮೀ. ದಾಟಿದರೆ ಹೊರಗೆ ಕೆಂಪಾಗಿ ಒಳಗೆ ಹಸಿಹಸಿ.

ಬಿಡಿಸಿದ ಬಳೆಗಳನ್ನು ಐಸ್ ಹಾಕಿದ ನೀರಲ್ಲಿ 20 ನಿಮಿಷ ಮುಳುಗಿಸಿಡು. ಘಾಟು ಇಳಿಯುತ್ತದೆ, ಒಳಪೊರೆಯೂ ಸಡಿಲವಾಗುತ್ತದೆ. ಈ ಪೊರೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅರ್ಧ ತಂಟೆ ಅದರದೇ. ಒಂದು ಬಳೆಯನ್ನು ಬೆಳಕಿಗೆ ಹಿಡಿದು ನೋಡು. ಒಳಮೈಗೆ ಅಂಟಿಕೊಂಡು, ಪ್ಲಾಸ್ಟಿಕ್ ಹಾಳೆಯ ಹಾಗೆ ನುಣ್ಣಗೆ, ತೆಳ್ಳಗೆ ಕಾಣುತ್ತದೆ. ಉಗುರಿನ ತುದಿಯಿಂದ ಅಂಚನ್ನು ಎಬ್ಬಿಸಿ ಮೆಲ್ಲಗೆ ಎಳೆದರೆ ಸುತ್ತಲೂ ಒಂದೇ ಪಟ್ಟಿಯಾಗಿ ಕಿತ್ತುಬರುತ್ತದೆ. ಅದರ ಮೇಲೆ ಹಿಟ್ಟು ನಿಲ್ಲುವುದಿಲ್ಲ, ಜಾರುತ್ತದೆ. ಕರಿದರೂ ಅದು ಮೆತ್ತಗಾಗುವುದಿಲ್ಲ, ಅದಕ್ಕೇ ಒಂದು ಕಡೆ ಕಚ್ಚಿದರೆ ಇಡೀ ಈರುಳ್ಳಿ ಬಾಯಿಗೆ ಬಂದು ಕೈಯಲ್ಲಿ ಖಾಲಿ ಕವಚ ಉಳಿಯುತ್ತದೆ. ಎಲ್ಲ ಬಳೆಗಳಿಂದಲೂ ತೆಗೆಯಲು ಹತ್ತು ನಿಮಿಷ ಹಿಡಿದೀತು. ಬೇಜಾರಿನ ಕೆಲಸವೇ, ಆದರೂ ಬಿಡಬೇಡ. ತೀರ ಒಳಗಿನ ಪುಟಾಣಿ ಬಳೆಗಳನ್ನು ಮಾತ್ರ ಕರಿಯಲು ಹೋಗಬೇಡ, ಹೊದಿಕೆಯೇ ಹೆಚ್ಚಾಗಿ ಈರುಳ್ಳಿ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಆಮೇಲೆ ಒರೆಸು. ಬಟ್ಟೆಯ ಮೇಲೆ ಹರಡಿ, ಮೇಲಿಂದ ಇನ್ನೊಂದು ಬಟ್ಟೆ ಒತ್ತಿ, ಹತ್ತು ನಿಮಿಷ ಗಾಳಿಗೆ ಬಿಡು. ಮುಟ್ಟಿದರೆ ಬೆರಳಿಗೆ ಒದ್ದೆ ಹತ್ತಬಾರದು. ಬರೀ ಈರುಳ್ಳಿಗೆ ಉಪ್ಪು ಹಾಕಲೇಬೇಡ. ಉಪ್ಪು ಬಿದ್ದ ಕೂಡಲೇ ಅದು ನೀರು ಬಿಡುತ್ತದೆ, ಪಟ್ಟ ಪಾಡೆಲ್ಲ ವ್ಯರ್ಥ.

ಈಗ ಅಳತೆ. ಬಳೆಗಳಿಗೆ ಸವರಲು ಒಣ ಮೈದಾ ಕಾಲು ಕಪ್, ಬೇರೆ ತಟ್ಟೆಯಲ್ಲಿ. ಹಿಟ್ಟಿಗೆ ಮೈದಾ 125 ಗ್ರಾಂ, ಅಂದರೆ ಒಂದು ಕಪ್. ಕಾರ್ನ್‌ಫ್ಲೋರ್ 40 ಗ್ರಾಂ, ಬೇಕಿಂಗ್ ಪೌಡರ್ 1 ಟೀ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಬೇಕಿದ್ದರೆ ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ. ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗಾದ ಸೋಡಾ ನೀರು 200 ಮಿ.ಲೀ. ಮೈದಾವನ್ನು ನೀರಿನಲ್ಲಿ ಕಲಸಿದಷ್ಟೂ ಗ್ಲುಟೆನ್ ಅನ್ನುವ ಅಂಟು ಕಟ್ಟಿಕೊಂಡು ಹೊದಿಕೆ ರಬ್ಬರಿನ ಹಾಗೆ ಜಗಿಯುವಂತಾಗುತ್ತದೆ. ಕಾರ್ನ್‌ಫ್ಲೋರ್‌ನಲ್ಲಿ ಗ್ಲುಟೆನ್ ಇಲ್ಲ, ಕಾರ್ನ್‌ಫ್ಲೋರ್ ಇದ್ದಷ್ಟೂ ಹೊದಿಕೆ ಪುಟಪುಟ ಮುರಿಯುತ್ತದೆ. ಕಾರ್ನ್‌ಫ್ಲೋರ್ ಇಲ್ಲದಿದ್ದರೆ ನುಣ್ಣಗಿನ ಅಕ್ಕಿಹಿಟ್ಟೂ ನಡೆಯುತ್ತದೆ, ತುಸು ಗಡುಸಾಗುತ್ತದೆ ಅಷ್ಟೆ. ನೀರು ತಣ್ಣಗಿದ್ದರೆ ಗ್ಲುಟೆನ್ ನಿಧಾನವಾಗಿ ಕಟ್ಟುತ್ತದೆ, ಸೋಡಾದ ಗುಳ್ಳೆಗಳಿಂದ ಹಿಟ್ಟು ಹಗುರಾಗುತ್ತದೆ. ಬೇಕಿಂಗ್ ಪೌಡರ್ ಇನ್ನೊಂದು ಚಮಚ ಇರಲಿ ಅಂತ ಕೈ ಹೋದೀತು, ತಡೆ. ಹೆಚ್ಚಾದರೆ ಹೊದಿಕೆಯ ತುಂಬ ರಂಧ್ರಗಳಾಗಿ ಎಣ್ಣೆ ಕುಡಿಯುತ್ತದೆ. ಅದರ ಬದಲಿಗೆ ಅಡುಗೆ ಸೋಡಾ ಹಾಕಿದರೆ ಬಾಯಿಗೆ ಸೋಪಿನ ರುಚಿ ಬರುತ್ತದೆ.

ಎಣ್ಣೆ ಕಾದ ಮೇಲಷ್ಟೇ ಸೋಡಾ ನೀರು ಸುರಿ. ಮೊದಲೇ ಕಲಸಿಟ್ಟರೆ ಗುಳ್ಳೆಗಳೆಲ್ಲ ಹಾರಿಹೋಗುತ್ತವೆ. ಫೋರ್ಕಿನಿಂದ ಹತ್ತು ಹನ್ನೆರಡು ಸುತ್ತು ತಿರುಗಿಸಿ ನಿಲ್ಲಿಸು, ಅಲ್ಲಲ್ಲಿ ಸಣ್ಣ ಗಂಟು ಉಳಿದರೆ ಉಳಿಯಲಿ. ಹದ ನೋಡಲು ಚಮಚವನ್ನು ಅದ್ದಿ ತೆಗೆದು ಅದರ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆ. ಗೆರೆ ಹಾಗೇ ನಿಂತರೆ ಸರಿ. ಕೂಡಲೇ ಮುಚ್ಚಿಕೊಂಡರೆ ಹಿಟ್ಟು ತೆಳು, ಒಂದು ಚಮಚ ಮೈದಾ ಉದುರಿಸು. ಚಮಚದಿಂದ ಇಳಿಯದೆ ಮುದ್ದೆಯಾಗಿ ಕೂತರೆ ಇನ್ನೊಂದು ಗುಟುಕು ಸೋಡಾ.

ಎಣ್ಣೆಗೆ ವಾಸನೆ ಕಡಿಮೆ ಇರುವ, ಬೇಗ ಹೊಗೆಯಾಡದ ರಿಫೈನ್ಡ್ ಎಣ್ಣೆ ಯಾವುದಾದರೂ ಆದೀತು. 18 ಸೆಂ.ಮೀ. ಅಗಲದ, ದಪ್ಪ ತಳದ, ನೇರ ಅಂಚಿನ ಪಾತ್ರೆಗೆ 1 ಲೀಟರ್ ಹಾಕಿದರೆ ಸುಮಾರು 4 ಸೆಂ.ಮೀ. ಆಳ ಬರುತ್ತದೆ, ಅಷ್ಟು ಸಾಕು. ಪಾತ್ರೆಯ ಅರ್ಧಕ್ಕಿಂತ ಮೇಲೆ ಎಣ್ಣೆ ಇರಕೂಡದು, ಈರುಳ್ಳಿ ಬಿದ್ದಾಗ ಉಕ್ಕುತ್ತದೆ. ಕಾವು 180 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಟ್ಟು ನೋಡು. ತುಸು ಮುಳುಗಿ ಕೂಡಲೇ ಗುಳ್ಳೆಯೆಬ್ಬಿಸುತ್ತ ತೇಲಿದರೆ ಹದ ಬಂದಿದೆ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಂದಾದರೆ ಉರಿ ಇಳಿಸು.

ಒಂದು ಕೈ ಒಣಗಿರಲಿ, ಇನ್ನೊಂದು ಕೈಯಲ್ಲಿ ಕಡ್ಡಿಯೋ ಫೋರ್ಕೋ ಇರಲಿ. ಒಣ ಕೈಯಿಂದ ಬಳೆಯನ್ನು ಮೈದಾದಲ್ಲಿ ಹೊರಳಿಸಿ, ಹೆಚ್ಚಿನದನ್ನು ಕೊಡವಿ, ಕಡ್ಡಿಯಿಂದ ಹಿಟ್ಟಿನಲ್ಲಿ ಅದ್ದಿ ಎತ್ತು. ಒಣ ಮೈದಾ ಉಳಿದ ಪಸೆಯನ್ನು ಹೀರಿಕೊಂಡು ಹಿಟ್ಟಿಗೆ ಹಿಡಿತ ಕೊಡುತ್ತದೆ. ನಿನ್ನ ಫೋಟೊದಲ್ಲಿ ಹೊದಿಕೆ ಕಳಚಿಕೊಂಡದ್ದು ಬಹುಶಃ ಇದನ್ನು ಬಿಟ್ಟದ್ದರಿಂದ, ಇಲ್ಲವೇ ಒದ್ದೆ ಈರುಳ್ಳಿಯಿಂದ. ಹನಿ ನಿಲ್ಲುವ ತನಕ ಮೂರ್ನಾಲ್ಕು ಸೆಕೆಂಡ್ ಹಿಡಿದು, ಎಣ್ಣೆಗೆ ಅರ್ಧ ಇಳಿಸಿ, ಎರಡು ಎಣಿಸಿ ಬಿಡು. ಹಾಗೆ ಮಾಡಿದರೆ ಹೊದಿಕೆ ಸೆಟೆದುಕೊಂಡು ತಾನೇ ತೇಲುತ್ತದೆ, ತಳ ಹಿಡಿಯುವುದಿಲ್ಲ. ನಿನ್ನ ಮೈಯಿಂದ ಆಚೆಗೆ ಬಿಡಬೇಕು, ಈಚೆಗಲ್ಲ.

ಒಂದು ಸಲಕ್ಕೆ ಮೂರು ಅಥವಾ ನಾಲ್ಕು ಬಳೆ, ಹೆಚ್ಚು ಬೇಡ. ತಣ್ಣಗಿನ ಹಿಟ್ಟು ಬಿದ್ದಷ್ಟೂ ಕಾವು ಇಳಿಯುತ್ತದೆ. 160ಕ್ಕಿಂತ ಕೆಳಗೆ ಹೋದರೆ ಹೊದಿಕೆ ಗಟ್ಟಿಯಾಗಲು ತಡವಾಗಿ ಜಿಡ್ಡು ಜಿಡ್ಡಾಗುತ್ತದೆ. ಪ್ರತಿ ಸಲವೂ 180ಕ್ಕೆ ಮರಳುವವರೆಗೆ ಕಾಯಿ. ಮೊದಲ ಒಂದು ನಿಮಿಷ ಮುಟ್ಟಬೇಡ, ಆಮೇಲೆ ಒಮ್ಮೆ ಮಗುಚು. ಒಟ್ಟು ಎರಡರಿಂದ ಮೂರು ನಿಮಿಷ. ಗಡಿಯಾರಕ್ಕಿಂತ ಗುಳ್ಳೆಯನ್ನು ನಂಬು. ಏಳುವ ಗುಳ್ಳೆಗಳೆಲ್ಲ ನೀರಿನ ಆವಿಯೇ. ಮೊದಲು ಜೋರಾಗಿ ಕೊತಕೊತ ಅನ್ನುತ್ತವೆ, ಹೊದಿಕೆಯ ನೀರು ಆರುತ್ತ ಬಂದ ಹಾಗೆ ಸಣ್ಣದಾಗಿ ವಿರಳವಾಗುತ್ತವೆ, ಸದ್ದೂ ತಗ್ಗುತ್ತದೆ. ಬಣ್ಣ ಬಂಗಾರಕ್ಕೆ ತಿರುಗಿ ಸದ್ದು ತಗ್ಗಿದಾಗ ಎತ್ತು. ಬಣ್ಣ ಬಂದು ಸದ್ದು ಜೋರಾಗೇ ಇದ್ದರೆ ಉರಿ ಹೆಚ್ಚಾಗಿದೆ ಅಂತ ಅರ್ಥ.

ಎತ್ತಿದ ಮೇಲಿನ ಅರ್ಧ ನಿಮಿಷವೂ ಮುಖ್ಯ. ಕರಿಯುವಾಗ ಹೊರಗೆ ನುಗ್ಗುವ ಆವಿ ಎಣ್ಣೆಯನ್ನು ಒಳಗೆ ಬಿಡುವುದಿಲ್ಲ. ಹೊರತೆಗೆದು ತಣಿಯತೊಡಗಿದಾಗ ಆವಿ ಕುಗ್ಗಿ, ಮೈಗಂಟಿದ ಎಣ್ಣೆಯನ್ನು ಹೊದಿಕೆ ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಜಾಲರಿ ಸೌಟಿನಲ್ಲಿ ಎತ್ತಿ ಪಾತ್ರೆಯ ಮೇಲೇ ಎರಡು ಮೂರು ಸಲ ಕೊಡವು, ಆಮೇಲೆ ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡು. ಪೇಪರ್ ಹಾಸಿ ಒಂದರ ಮೇಲೊಂದು ಪೇರಿಸಿದರೆ ಅಡಿಯ ಆವಿ ಹೊರಹೋಗಲು ದಾರಿಯಿಲ್ಲದೆ ಐದೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಉದುರಿಸುವ ಉಪ್ಪು ಬಿಸಿಯಿರುವಾಗಲೇ, ಆರಿದ ಮೇಲೆ ಅಂಟುವುದಿಲ್ಲ. ಉಳಿದವನ್ನು ಕರಿಯುವ ತನಕ ಮೊದಲಿನವನ್ನು 100 ಡಿಗ್ರಿಯ ಓವನ್‌ನಲ್ಲಿ ಜಾಲರಿಯ ಮೇಲೆ ಹದಿನೈದು ನಿಮಿಷ ಇಡಬಹುದು. ಮುಚ್ಚಳ ಮಾತ್ರ ಹಾಕಬೇಡ.

ಇನ್ನೂ ಗಡುಸಾಗಿ ಬೇಕಿದ್ದರೆ ಹಿಟ್ಟಿನಲ್ಲಿ ಅದ್ದಿದ ಮೇಲೆ ಒಣ ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಹತ್ತು ನಿಮಿಷ ಜಾಲರಿಯ ಮೇಲಿಟ್ಟು ಕರಿ. ಆ ಹತ್ತು ನಿಮಿಷದಲ್ಲಿ ಪುಡಿ ಹಿಟ್ಟಿಗೆ ಕಚ್ಚಿಕೊಳ್ಳುತ್ತದೆ. ಏರ್ ಫ್ರೈಯರ್‌ಗೂ ಈ ಬ್ರೆಡ್ ಪುಡಿಯದ್ದೇ ಸರಿ, ಬರೀ ಹಿಟ್ಟಿನದು ಗಟ್ಟಿಯಾಗುವ ಮೊದಲೇ ಸೋರಿಹೋಗುತ್ತದೆ. ಮೇಲೆ ತುಸು ಎಣ್ಣೆ ಸಿಂಪಡಿಸಿ 200 ಡಿಗ್ರಿಯಲ್ಲಿ ಎಂಟರಿಂದ ಹತ್ತು ನಿಮಿಷ, ನಡುವೆ ಒಮ್ಮೆ ಮಗುಚು. ಚೆನ್ನಾಗಿರುತ್ತದೆ, ಎಣ್ಣೆಯಲ್ಲಿ ಕರಿದಂತೆ ಮಾತ್ರ ಇರುವುದಿಲ್ಲ.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಕೂಡದು, ಪಾತ್ರೆಯನ್ನು ಎತ್ತಿಕೊಂಡು ಓಡಲೂಕೂಡದು. ಒಲೆ ಆರಿಸಿ ಮೇಲೆ ಲೋಹದ ಮುಚ್ಚಳ ಜಾರಿಸು. ಅದಕ್ಕಾಗಿ ಮುಚ್ಚಳ ಕರಿಯುವ ಮೊದಲೇ ಕೈಗೆಟುಕುವಲ್ಲಿ ಇರಬೇಕು.

ಕರಿಯುವಾಗ ತೇಲುವ ಹಿಟ್ಟಿನ ಚೂರುಗಳನ್ನು ಆಗಾಗ ತೆಗೆಯುತ್ತಿರು, ಸುಟ್ಟರೆ ಮುಂದಿನ ಬಳೆಗಳೆಲ್ಲ ಕಹಿ. ಎಣ್ಣೆ ಪೂರ್ತಿ ತಣ್ಣಗಾದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿ ಕತ್ತಲಲ್ಲಿಡು. ಈರುಳ್ಳಿಯ ವಾಸನೆ ಹಿಡಿದಿರುತ್ತದೆ, ಸಿಹಿತಿಂಡಿಗೆ ಬಳಸಬೇಡ. ಇನ್ನೊಂದೆರಡು ಸಲ ಕರಿಯಬಹುದು. ಕಪ್ಪಾಗಿ, ಮೇಲೆ ನೊರೆ ಕಟ್ಟಿ, ಮೊದಲಿಗಿಂತ ಬೇಗ ಹೊಗೆಯಾಡತೊಡಗಿದರೆ ಚೆಲ್ಲು, ಆದರೆ ಸಿಂಕಿಗಲ್ಲ.

ಇಂತಿ,
ಅಮ್ಮ